ವಾರಸುದಾರರಿಲ್ಲದ ಚೀಲ: ಮರಳಿ ಪಡೆದ ನಾಲ್ಕು ದಿನಗಳು

ಕಳೆದ ಗುರುವಾರ ಸಂಜೆ ಅಮ್ಮನ ನೆಬ್ಯುಲೈಸರ್ ಇದ್ದ ಚೀಲವನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಸೋಮವಾರ ಬೆಳಿಗ್ಗೆ ಕೋಲಾರ ಜಿಲ್ಲೆಯ ಒಂದು ರೈಲು ನಿಲ್ದಾಣದ ಕಲ್ಲುಬೆಂಚಿನ ಕೆಳಗೆ ಮರೆತ ಚೀಲ ಅದು. ಅದನ್ನು ಮರಳಿ ಪಡೆಯಲು ಮೂರು ಬಾರಿ ಓಡಾಡಬೇಕಾಯಿತು, ಮೂರು ಪುಟಗಳ ಹೇಳಿಕೆ ಕೊಡಬೇಕಾಯಿತು, ಒಂದು ಮುಚ್ಚಳಿಕೆ ಬರೆಯಬೇಕಾಯಿತು. ಇಂಥ ಪ್ರಸಂಗ ಎದುರಾದಾಗ ಯಾರ ಬಳಿ ಹೋಗಬೇಕು, ಏನು ಕೇಳುತ್ತಾರೆ, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅರ್ಧದಷ್ಟು ಆತಂಕ ತಪ್ಪುತ್ತಿತ್ತು. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ನಿಲ್ದಾಣದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ನಾನು ಮಾಲೂರು ತಾಲ್ಲೂಕಿನ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಅಮ್ಮನಿಗೆ ಎಪ್ಪತ್ತೊಂದು ವರ್ಷ, ಹದಿನೈದು ವರ್ಷಗಳಿಂದ ಉಬ್ಬಸವಿದೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಹೋಗುತ್ತೇವೆ. ಹೋದಾಗ ಕೆ.ಆರ್.ಪುರದಲ್ಲಿರುವ ಅಣ್ಣನ ಮನೆಯಲ್ಲಿ ಎರಡು ದಿನ ಉಳಿಯುವುದರಿಂದ ನೆಬ್ಯುಲೈಸರ್ ಜೊತೆಯಲ್ಲೇ ಇರಬೇಕು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಒಳಗೆ ಕಳಿಸುವ ಈ ಯಂತ್ರದಲ್ಲಿ ಒಂದು ಪುಟ್ಟ ಮೋಟಾರು, ಒಂದು ಉದ್ದನೆಯ ಪ್ಲಾಸ್ಟಿಕ್ ಕೊಳವೆ ಮತ್ತು ಕಪ್ಪು ವೈರು ಇರುತ್ತವೆ. ಅದನ್ನು ಹಳೆಯ ಟವಲಿನಲ್ಲಿ ಸುತ್ತಿ ನೀಲಿ ಬಣ್ಣದ ಚೀಲಕ್ಕೆ ಹಾಕಿದ್ದೆ. ಚೀಲದ ಮೇಲೆ ಹೆಸರಾಗಲಿ, ಫೋನ್ ಸಂಖ್ಯೆಯಾಗಲಿ ಇರಲಿಲ್ಲ.

ಆ ದಿನ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಬೆಂಚಿನ ಮೇಲೆ ಕೂರಿಸಿ ಇನ್ಹೇಲರ್ ಕೊಟ್ಟು ಬೆನ್ನು ಸವರುತ್ತಿರುವಾಗಲೇ ರೈಲು ಬಂತು. ಬೆಳಗಿನ ಆ ರೈಲುಗಳು ಹೇಗಿರುತ್ತವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿಗೆ ಬೆಂಗಳೂರಿನ ಕೂಲಿಯೇ ಜೀವನಾಧಾರವಾಯಿತು. ಮಾರಿಕುಪ್ಪಂನಲ್ಲಿ ತುಂಬಿಕೊಂಡ ರೈಲಿಗೆ ಬಂಗಾರಪೇಟೆ, ಟೇಕಲ್, ಮಾಲೂರಿನ ಜನರೂ ಹತ್ತುತ್ತಾರೆ. ಬಾಗಿಲ ಬಳಿ ಕಾಲಿಡಲು ಜಾಗ ಸಿಕ್ಕಿದರೆ ಅದೇ ದೊಡ್ಡದು. ನಾನು ಅಮ್ಮನ ತೋಳು ಹಿಡಿದು ಹತ್ತಿಸಿದೆ, ಅಣ್ಣನ ಮಗ ಆಸ್ಪತ್ರೆಯ ಕಡತ ಮತ್ತು ಬಟ್ಟೆಯ ಬ್ಯಾಗು ಹಿಡಿದುಕೊಂಡ. ನೀಲಿ ಚೀಲವನ್ನು ಅವನು ತಂದಿದ್ದಾನೆಂದು ನಾನು, ನಾನು ತಂದಿದ್ದೇನೆಂದು ಅವನು ತಿಳಿದೆವು. ಗೊತ್ತಾದದ್ದು ರೈಲು ಮಾಲೂರು ದಾಟಿದ ಮೇಲೆ.

ವೈಟ್‌ಫೀಲ್ಡ್‌ನಲ್ಲಿ ನಾನೊಬ್ಬಳೇ ಇಳಿದು, ಅಮ್ಮನನ್ನು ಹುಡುಗನ ಜೊತೆ ಕಳಿಸಿ, ಹಿಂದಿರುಗುವ ರೈಲಿಗೆ ಕಾದೆ. ನನ್ನ ಮೊದಲ ದೊಡ್ಡ ತಪ್ಪು ಇಲ್ಲಿಯೇ ಆಯಿತು. ಹೇಗೂ ಒಂದು ಗಂಟೆಯೊಳಗೆ ಅಲ್ಲಿರುತ್ತೇನೆ, ಹಳೆಯ ಚೀಲವನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಯಾರಿಗೂ ತಿಳಿಸಲಿಲ್ಲ. ರೈಲಿನಲ್ಲಾಗಲಿ ನಿಲ್ದಾಣದಲ್ಲಾಗಲಿ ಸಾಮಾನು ಬಿಟ್ಟುಹೋದರೆ ಆ ಕ್ಷಣವೇ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ. ರೈಲ್ವೆ ರಕ್ಷಣಾ ದಳವು ಪ್ರಯಾಣಿಕರು ಬಿಟ್ಟುಹೋದ ಸಾಮಾನನ್ನು ಗುರುತಿಸಿ ಹಿಂದಿರುಗಿಸಲೆಂದೇ 'ಆಪರೇಷನ್ ಅಮಾನತ್' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತದೆ ಎಂಬುದೂ ತಿಳಿದದ್ದು ಆಮೇಲೆ. ಯಾವ ನಿಲ್ದಾಣ, ಯಾವ ಪ್ಲಾಟ್‌ಫಾರ್ಮ್, ಚೀಲದ ಬಣ್ಣ, ಒಳಗೇನಿದೆ, ಎಷ್ಟು ಹೊತ್ತಿಗೆ ಬಿಟ್ಟದ್ದು ಎಂದು ಮೊದಲೇ ಹೇಳಿದ್ದರೆ, ಮುಂದೆ ನಡೆದ ಎಷ್ಟೋ ಸಂಗತಿಗಳು ನಡೆಯುತ್ತಲೇ ಇರಲಿಲ್ಲವೇನೋ.

ಹತ್ತು ಗಂಟೆ ದಾಟಿದ ಮೇಲೆ ನಿಲ್ದಾಣದಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಅರ್ಧ ಭಾಗ ಖಾಲಿಯಾಗಿತ್ತು. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಈಚೆ ಜನರನ್ನು ನಿಲ್ಲಿಸಿದ್ದರು. ಹಗ್ಗದಾಚೆ ದೂರದಲ್ಲಿ, ಕಲ್ಲುಬೆಂಚಿನ ಕೆಳಗೆ, ನನ್ನ ನೀಲಿ ಚೀಲ ಒಂಟಿಯಾಗಿ ಕಾಣುತ್ತಿತ್ತು. ಅದರ ಸುತ್ತ ಮರಳಿನ ಮೂಟೆಗಳನ್ನು ಇಟ್ಟಿದ್ದರು. ನನ್ನ ಕಾಲಿನ ಬಲವೇ ಉಡುಗಿಹೋಯಿತು. ಚೀಲ ನನ್ನದೆಂದು ಕೂಡಲೇ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಐದು ನಿಮಿಷವೋ ಹತ್ತು ನಿಮಿಷವೋ ಜನರ ನಡುವೆ ಸುಮ್ಮನೆ ನಿಂತೆ. ಆ ಹೊತ್ತಿನಲ್ಲಿ ಕೇಳಿದ ಮಾತುಗಳು ಈಗಲೂ ಕಿವಿಯಲ್ಲಿವೆ.

'ಯಾರೋ ಮರೆತು ಹೋಗಿರ್ತಾರೆ, ಇದಕ್ಕೆಲ್ಲಾ ಇಷ್ಟು ಗಲಾಟೆ ಯಾಕೆ? ನಮ್ಮ ಅರ್ಧ ದಿನದ ಕೂಲಿ ಹೋಯ್ತು' ಎಂದು ಒಬ್ಬರು ಸಿಡುಕುತ್ತಿದ್ದರು. ಕಾಲೇಜಿನ ಹುಡುಗರು ಹಗ್ಗದ ಮೇಲೆ ಬಾಗಿ ವಿಡಿಯೊ ತೆಗೆಯುತ್ತಿದ್ದರು. ಹಿಂದೆ ಸರಿಯಿರಿ ಎಂದು ಸಿಬ್ಬಂದಿ ಮೂರು ಸಲ ಹೇಳಿದರೂ ಕದಲಲಿಲ್ಲ. ಇನ್ನೊಬ್ಬರು, ಇಂಥ ಕೆಲಸ ಇಂಥವರೇ ಮಾಡುವುದು ಎಂದು ಒಂದು ಸಮುದಾಯದ ಹೆಸರು ಹೇಳಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಟೋಪಿಯ ಹಿರಿಯರೊಬ್ಬರು ಯಾವ ಮಾತೂ ಆಡದೆ ಗುಂಪಿನಿಂದ ಹೊರಗೆ ಸರಿದು ಗೋಡೆಯ ಬಳಿ ಹೋಗಿ ನಿಂತರು. ಆ ಚೀಲ ನನ್ನದು, ಅದರಲ್ಲಿರುವುದು ನನ್ನ ತಾಯಿಯ ಔಷಧಿ. ಅದರ ಭಾರವನ್ನು ಅವರು ಹೊತ್ತು ನಿಂತಿದ್ದರು. ನಾನು ಕೊನೆಗೂ ಮುಂದೆ ಹೋಗುವಂತಾದದ್ದು ಅವರನ್ನು ನೋಡಿದ ಮೇಲೆಯೇ.

ಅಷ್ಟರಲ್ಲಿ ರೈಲ್ವೆಯಿಂದ ನಿವೃತ್ತರಾದಂತೆ ಕಾಣುತ್ತಿದ್ದ ಒಬ್ಬರು, ಸಿಡುಕುತ್ತಿದ್ದವರಿಗೆ ಶಾಂತವಾಗಿ ಹೇಳಿದರು: 'ಹತ್ತು ಸಲ ಮರೆತ ಚೀಲವೇ ಇರುತ್ತೆ ಸ್ವಾಮಿ. ಹನ್ನೊಂದನೇ ಸಲಕ್ಕೆ ಏನ್ಮಾಡ್ತೀರಿ? ಚೆನ್ನೈನಲ್ಲಿ ಸಿಡಿದ ಗುವಾಹಟಿ ಗಾಡಿ ಹಿಂದಿನ ರಾತ್ರಿ ಇದೇ ಹಳಿ ಮೇಲೆ ಹೋಗಿದ್ದು.' ಅವರು ಹೇಳಿದ್ದು 2014ರ ಮೇ 1ರ ಸಂಗತಿ. ಬೆಂಗಳೂರಿನಿಂದ ಹೊರಟ ಗುವಾಹಟಿ ಎಕ್ಸ್‌ಪ್ರೆಸ್‌ನ ಎರಡು ಬೋಗಿಗಳಲ್ಲಿ ಅಂದು ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಬಾಂಬ್ ಸಿಡಿದು ಒಬ್ಬ ಯುವತಿ ತೀರಿಕೊಂಡಿದ್ದಳು. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಹೋಟೆಲಿನಲ್ಲಿ ಸಿಡಿದದ್ದೂ ಯಾರೋ ಇಟ್ಟುಹೋದ ಒಂದು ಚೀಲವೇ. ಇವೆರಡೂ ನನಗೆ ಗೊತ್ತಿದ್ದ ಸುದ್ದಿಗಳೇ. ಆದರೆ ನನ್ನ ಚೀಲವನ್ನು ಬೇರೆಯವರು ಆ ಕಣ್ಣಿನಿಂದ ನೋಡಬೇಕಾಗುತ್ತದೆ ಎಂದು ಎಂದೂ ಹೊಳೆದಿರಲಿಲ್ಲ.

ಹಗ್ಗದ ಬಳಿ ನಿಂತಿದ್ದ ಮಹಿಳಾ ಸಿಬ್ಬಂದಿಗೆ 'ಮೇಡಂ, ಆ ಚೀಲ ನಮ್ಮದು' ಎಂದೆ. ಅವರು ಜೋರು ಮಾಡಲಿಲ್ಲ. ನನ್ನ ಕೈಹಿಡಿದು ಗುಂಪಿನಿಂದ ಈಚೆ ಕರೆತಂದು, ಜನರ ಕಣ್ಣಿಗೆ ಬೀಳದ ಹಾಗೆ ಒಂದು ಕೋಣೆಯಲ್ಲಿ ಕೂರಿಸಿದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಅವೇ ಪ್ರಶ್ನೆಗಳನ್ನು ಕೇಳಿದರು: ಎಷ್ಟು ಗಂಟೆಗೆ ಬಂದಿರಿ, ಎಲ್ಲಿ ಕುಳಿತಿರಿ, ಚೀಲದಲ್ಲಿ ಏನೇನಿದೆ, ಬಿಟ್ಟುಹೋದದ್ದು ಗೊತ್ತಾದ ಕೂಡಲೇ ಯಾಕೆ ತಿಳಿಸಲಿಲ್ಲ. ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕನೆಯ ಸಲ ಅದೇ ಕಥೆ ಹೇಳುವಾಗ ಅಳು ಬಂತು. ಅನುಮಾನಪಟ್ಟು ಕೇಳುತ್ತಿದ್ದಾರೆಂದು ನೊಂದುಕೊಂಡಿದ್ದೆ. ಬೇರೆ ಬೇರೆ ಸಲ ಹೇಳಿದ್ದು ತಾಳೆಯಾಗುತ್ತದೆಯೇ ಎಂದು ನೋಡುವುದು ಅವರ ಕ್ರಮವಂತೆ. ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಗೊತ್ತಿದ್ದಷ್ಟನ್ನು ಮಾತ್ರ ಹೇಳಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ.

ಮಾಲೀಕರು ಸಿಕ್ಕ ಮೇಲೆ ಚೀಲ ಕೊಟ್ಟು ಕಳಿಸಬಹುದಲ್ಲ ಎಂದು ನನಗನ್ನಿಸಿತ್ತು. ಹಾಗಾಗುವುದಿಲ್ಲ. ಒಮ್ಮೆ ಅನುಮಾನಾಸ್ಪದ ವಸ್ತುವೆಂದು ಸುದ್ದಿ ಹೋದ ಮೇಲೆ ಯಾರ ಬಾಯಿಮಾತಿನ ಮೇಲೂ ಅದನ್ನು ಮುಟ್ಟುವುದಿಲ್ಲ; ಶ್ವಾನದಳ ಬರಬೇಕು, ಬಾಂಬ್ ಪತ್ತೆ ದಳದವರು ನೋಡಬೇಕು. ಅವರು ಬರುವವರೆಗೆ ಒಂದೂವರೆ ಗಂಟೆ ಕಾದೆವು. ಕಿಟಕಿಯಿಂದ ನೋಡುತ್ತಿದ್ದೆ. ನಾಯಿ ಚೀಲದ ಸುತ್ತ ಎರಡು ಸುತ್ತು ಬಂದು ಮೂಸಿ, ಸುಮ್ಮನೆ ಹಿಂದಿರುಗಿತು. ಆದರೂ ದಪ್ಪನೆಯ ರಕ್ಷಾಕವಚ ತೊಟ್ಟ ಒಬ್ಬರು, ಬೇಸಿಗೆಯ ಆ ಬಿಸಿಲಲ್ಲಿ, ಒಂಟಿಯಾಗಿ ಚೀಲದ ಬಳಿ ನಡೆದುಹೋದರು. ಎಲ್ಲರೂ ಹಿಂದೆ ಸರಿದಿದ್ದಾಗ ಆ ಮನುಷ್ಯ ಮುಂದೆ ನಡೆಯುವುದನ್ನು ನೋಡಿದವರಿಗೆ 'ಇಷ್ಟು ಗಲಾಟೆ ಯಾಕೆ' ಎಂಬ ಮಾತು ಬಾಯಿಗೆ ಬರಲಾರದು. ಅವರು ಬಗ್ಗಿ ಚೀಲದ ಹೊಲಿಗೆ ಕತ್ತರಿಸಿ, ಟವಲ್ಲು ಬಿಚ್ಚಿ, ಯಂತ್ರವನ್ನು ಮೇಲೆತ್ತಿದಾಗ ಹಗ್ಗದಾಚೆಯಿಂದ ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಬೈದರು.

ಅನಂತರದ್ದು ಕಾಗದಪತ್ರದ ಕೆಲಸ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ನಾನು ಇದರಲ್ಲಿ ಬಹಳ ಗೊಂದಲಪಟ್ಟೆ. ನಿಲ್ದಾಣದಲ್ಲಿ ಖಾಕಿ ತೊಟ್ಟವರೆಲ್ಲರೂ ಒಂದೇ ಇಲಾಖೆಯವರಲ್ಲ. ರೈಲ್ವೆ ರಕ್ಷಣಾ ದಳ, ಅಂದರೆ ಆರ್.ಪಿ.ಎಫ್., ಕೇಂದ್ರದ ರೈಲ್ವೆ ಸಚಿವಾಲಯಕ್ಕೆ ಸೇರಿದ್ದು. ರೈಲ್ವೆಯ ಆಸ್ತಿ ಮತ್ತು ಪ್ರಯಾಣಿಕರ ರಕ್ಷಣೆ ಅದರ ಹೊಣೆ. ಕಳ್ಳತನ, ಹಲ್ಲೆ ಮೊದಲಾದ ಅಪರಾಧಗಳ ಪ್ರಕರಣ ದಾಖಲಿಸಿ ತನಿಖೆ ಮಾಡುವುದು ರಾಜ್ಯದ ರೈಲ್ವೆ ಪೊಲೀಸರು. ನಿಲ್ದಾಣದ ಹೊರಗಿನ ರಸ್ತೆ ಸ್ಥಳೀಯ ಠಾಣೆಯದು. ನನ್ನ ಚೀಲವನ್ನು ಒಬ್ಬರು ಕಂಡು, ಇನ್ನೊಬ್ಬರು ಪರೀಕ್ಷಿಸಿ, ಮತ್ತೊಬ್ಬರ ವಶಕ್ಕೆ ಮಹಜರು ಬರೆದು ಕೊಟ್ಟಿದ್ದರಿಂದ, ಅದು ಈಗ ಯಾರ ಬಳಿಯಿದೆ ಎಂದು ತಿಳಿಯುವುದೇ ಎರಡು ದಿನದ ಕೆಲಸವಾಯಿತು. ನೀವು ಅಲ್ಲಿಂದ ಹೊರಡುವ ಮುನ್ನ ವಸ್ತು ಯಾರ ವಶದಲ್ಲಿದೆ, ಯಾವ ಪುಸ್ತಕದಲ್ಲಿ ಯಾವ ಕ್ರಮಸಂಖ್ಯೆಯಲ್ಲಿ ದಾಖಲಾಗಿದೆ ಎಂದು ಕೇಳಿ ಬರೆದುಕೊಳ್ಳಿ. ನಾನು ಕೇಳಲಿಲ್ಲ.

ಅಂದು ಅವರು ಕೇಳಿದ್ದು: ಆಧಾರ್ ಕಾರ್ಡು, ಆ ದಿನದ ರೈಲು ಟಿಕೆಟ್, ವಸ್ತು ನನ್ನದೆಂಬುದಕ್ಕೆ ಪುರಾವೆ, ನನ್ನನ್ನು ಗುರುತಿಸುವ ಊರಿನವರೊಬ್ಬರು. ಟಿಕೆಟ್ಟನ್ನು ನಾನು ಬಿಸಾಡಿರಲಿಲ್ಲ, ಪುಣ್ಯಕ್ಕೆ. ಔಷಧಿ ಅಂಗಡಿಯ ಬಿಲ್ಲಿನ ಚಿತ್ರ ಅಣ್ಣನ ಮಗನ ಫೋನಿನಲ್ಲಿತ್ತು. ಯಂತ್ರದ ತಳದಲ್ಲಿದ್ದ ಸಂಖ್ಯೆಯೂ ಆ ಬಿಲ್ಲಿನ ಸಂಖ್ಯೆಯೂ ಒಂದೇ ಆಗಿದ್ದರಿಂದ ದೊಡ್ಡ ತೊಡಕು ತಪ್ಪಿತು. ಗುರುತಿಸಲು ನಮ್ಮ ಸಂಘದ ಅಧ್ಯಕ್ಷರು, ಮಧ್ಯಾಹ್ನದ ಊಟ ಬಿಟ್ಟು, ಬೈಕಿನಲ್ಲಿ ಬಂದರು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆಂದು ಬಿಳಿ ಹಾಳೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಸಹಿ ಹಾಕಿದಾಗ ಮೂರೂವರೆ ಗಂಟೆ. ಹೇಳಿಕೆಯನ್ನು ಪೂರ್ತಿ ಓದಿಸಿಕೊಂಡೇ ಸಹಿ ಮಾಡಿ. ನನ್ನದರಲ್ಲಿ ಚೀಲ ಬಿಟ್ಟ ಹೊತ್ತು ತಪ್ಪಾಗಿತ್ತು. ಹೇಳಿದ ಕೂಡಲೇ ತಿದ್ದಿದರು.

ಚೀಲ ಮಾತ್ರ ಅಂದು ಕೈಗೆ ಬರಲಿಲ್ಲ. ಮಂಗಳವಾರ ಅಣ್ಣನ ಮನೆಗೆ ಹೋಗಿ ಅಮ್ಮನ ಜೊತೆಗಿದ್ದೆ. ಬುಧವಾರ ಹೋದಾಗ ಸಹಿ ಮಾಡಬೇಕಾದ ಅಧಿಕಾರಿ ಬಂದೋಬಸ್ತಿಗೆ ಹೋಗಿದ್ದರು. ಹೆಂಗಸರಿಗೆ ಉಪಯೋಗವಾಗಬಹುದೆಂದು ಒಂದು ಮಾತು: ಸಾಕ್ಷಿಯಾಗಿ ಹೇಳಿಕೆ ಪಡೆಯಲು ಪೊಲೀಸರು ಮಹಿಳೆಯನ್ನು ಆಕೆಯ ಮನೆಯನ್ನು ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲಿ ಇದು ಇದೆ. ನನ್ನದು ನಾನಾಗಿಯೇ ವಸ್ತು ಬಿಡಿಸಿಕೊಳ್ಳಲು ಹೋದ ಕೆಲಸವಾದ್ದರಿಂದ ಅದು ನನಗೆ ಅನ್ವಯಿಸಲಿಲ್ಲ.

ಬುಧವಾರ ಕಾಯುತ್ತಾ ಕುಳಿತಿದ್ದಾಗ ನಿಲ್ದಾಣದ ಬಾಗಿಲನ್ನೇ ಎರಡು ಗಂಟೆ ನೋಡಿದೆ. ಸೋಮವಾರದ ಘಟನೆಯ ನಂತರ ಅಲ್ಲಿ ಮೆಟಲ್ ಡಿಟೆಕ್ಟರಿನ ಚೌಕಟ್ಟೊಂದನ್ನು ನಿಲ್ಲಿಸಿ ಇಬ್ಬರನ್ನು ಹಾಕಿದ್ದರು. ಚೌಕಟ್ಟಿನ ಎಡಬದಿಯಲ್ಲಿ ನಾಲ್ಕು ಅಡಿ ಜಾಗ ಬಯಲಾಗಿತ್ತು. ಹತ್ತರಲ್ಲಿ ಆರು ಜನ ಅಲ್ಲಿಂದಲೇ ನುಗ್ಗುತ್ತಿದ್ದರು. ಒಳಗಿನಿಂದ ಹೋದವರಿಗೂ ಅದು ಕಿರ್ರೆನ್ನುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಎ.ಸಿ. ರಿಪೇರಿಯ ಹುಡುಗನೊಬ್ಬ ತನ್ನ ಸ್ಪ್ಯಾನರ್‌ಗಳ ಚೀಲ ತೋರಿಸಿ, 'ದಿನಾ ನನ್ನದನ್ನ ಮಾತ್ರ ಬಿಚ್ಚಿಸ್ತಾರಕ್ಕ. ಲ್ಯಾಪ್‌ಟಾಪ್ ಬ್ಯಾಗಿನವರನ್ನ ಕೇಳಿದ್ದು ಒಂದಿನಾನೂ ನೋಡಿಲ್ಲ. ಎಲ್ಲರದ್ದೂ ಬಿಚ್ಚಿಸಿದ್ರೆ ನಾನೂ ಖುಷಿಯಾಗಿ ಬಿಚ್ಚಿ ತೋರಿಸ್ತೀನಿ' ಎಂದ. ಅವನ ಮಾತಿನಲ್ಲಿ ತಪಾಸಣೆಯ ಬಗ್ಗೆ ವಿರೋಧವಿರಲಿಲ್ಲ. ಬಟ್ಟೆ ನೋಡಿ, ಕೈಯ ಮಸಿ ನೋಡಿ ಆರಿಸುವುದರ ಬಗ್ಗೆ ನೋವಿತ್ತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಟಿಕೆಟ್ ಇದ್ದರೂ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆದಾಗ ಸಹಪ್ರಯಾಣಿಕರೇ ಅವರ ಪರ ನಿಂತು ವಾದಿಸಿದ್ದರು, ಆ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು. ನನಗನ್ನಿಸುವುದು ಇಷ್ಟು: ಜನ ತಪಾಸಣೆಯನ್ನು ತಿರಸ್ಕಾರದಿಂದ ನೋಡುವುದಕ್ಕೆ ಅರ್ಧ ಕಾರಣ ನಮ್ಮ ಅವಸರವಾದರೆ, ಉಳಿದರ್ಧ ಕಾರಣ ತಪಾಸಣೆ ನಿಜವಾಗಿ ನಡೆಯದಿರುವುದು. ಒಂದು ವಾರ ಚೌಕಟ್ಟು ನಿಲ್ಲಿಸಿ ಎಂಟನೆಯ ದಿನ ಮೂಲೆಗೆ ಸರಿಸಿದರೆ ಅದಕ್ಕೆ ಯಾರು ಬೆಲೆ ಕೊಡುತ್ತಾರೆ?

ಗುರುವಾರ ಹನ್ನೊಂದಕ್ಕೆ ಹೋದವಳಿಗೆ ಎರಡು ಗಂಟೆಗೆ ಚೀಲ ಸಿಕ್ಕಿತು. ಒಳಗಿದ್ದುದನ್ನು ಒಂದೊಂದಾಗಿ ಎಣಿಸಿ, ಪಟ್ಟಿಯೊಂದಿಗೆ ತಾಳೆ ನೋಡಿ, ಸ್ವೀಕೃತಿ ಬರೆದುಕೊಟ್ಟೆ. ಯಂತ್ರ ಸರಿಯಾಗಿಯೇ ಇತ್ತು, ಕೊಳವೆ ಮತ್ತು ಮಾಸ್ಕ್ ಹಾಳಾಗಿದ್ದವು. ಖರ್ಚು ಹೇಳುವುದಾದರೆ, ಓಡಾಟಕ್ಕೆ 380 ರೂಪಾಯಿ, ಜೆರಾಕ್ಸು ಮತ್ತು ಫೋಟೊಗೆ 60, ಹೊಸ ಕೊಳವೆ-ಮಾಸ್ಕಿಗೆ 220, ಯಂತ್ರವಿಲ್ಲದ ದಿನಗಳಲ್ಲಿ ಅಮ್ಮನಿಗೆ ಕ್ಲಿನಿಕ್ಕಿನಲ್ಲಿ ಐದು ಸಲ ಔಷಧಿ ಕೊಡಿಸಲು 500, ಒಟ್ಟು 1,160. ಯಾರೂ ಲಂಚ ಕೇಳಲಿಲ್ಲ, ನಾನೂ ಕೊಡಲಿಲ್ಲ. ಚೀಲದ ಒಳಮೈಯಲ್ಲಿ ಈಗ ಬಟ್ಟೆಯ ತುಂಡು ಹೊಲಿದು, ಅಳಿಸದ ಶಾಯಿಯಲ್ಲಿ ಹೆಸರು, ಫೋನ್ ಸಂಖ್ಯೆ ಮತ್ತು 'ಉಬ್ಬಸದ ಯಂತ್ರ' ಎಂದು ಬರೆದಿದ್ದೇನೆ. ವೈದ್ಯರ ಚೀಟಿಯ ಒಂದು ಪ್ರತಿಯನ್ನೂ ಅದರೊಳಗೆ ಇಟ್ಟಿದ್ದೇನೆ.

ಹೊರಡುವ ಮುನ್ನ, ಚೀಲವನ್ನು ಮೊದಲು ಕಂಡು ತಿಳಿಸಿದವರು ಯಾರೆಂದು ಆ ಮಹಿಳಾ ಸಿಬ್ಬಂದಿಯನ್ನು ಕೇಳಿದೆ. ಮೇಲ್ಸೇತುವೆಯ ಕೆಳಗೆ ಹೂ ಮಾರುವ ಹೆಂಗಸು ಎಂದರು. ಹೋಗಿ ನೋಡಿದರೆ, ಬುಟ್ಟಿಯ ಮುಂದೆ ಕುಳಿತು ಕನಕಾಂಬರ ಕಟ್ಟುತ್ತಿದ್ದರು. ಚೀಲ ನನ್ನದು, ನನ್ನಿಂದ ನಿಮಗೆಲ್ಲ ತೊಂದರೆಯಾಯಿತು ಎಂದೆ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

'ನೀವು ಕೂತಿದ್ದನ್ನ ನಾನೇ ನೋಡಿದ್ದೆ ಅಕ್ಕ, ಆದ್ರೆ ಚೀಲ ನಿಮ್ದೇ ಅಂತ ಗೊತ್ತಾಗ್ಲಿಲ್ಲ. ಮುಕ್ಕಾಲು ಗಂಟೆ ಕಾದೆ. ಯಾರೂ ಬರ್ಲಿಲ್ಲ, ಆಮೇಲೆ ಹೇಳ್ದೆ. ಎಲ್ಲಾ ನನ್ನನ್ನೇ ಬೈದ್ರು. ನಿಂಗ್ಯಾಕೆ ಬೇಕಿತ್ತು, ನಿನ್ನಿಂದ ರೈಲು ತಡ ಆಯ್ತು ಅಂದ್ರು. ದಿನಾ ಹೂ ತಗೊಳ್ಳೋರೂ ಎರಡು ದಿನ ಇತ್ತ ಬರ್ಲಿಲ್ಲ.'

ಇನ್ನೊಮ್ಮೆ ಇಂಥ ಚೀಲ ಕಂಡರೆ ಹೇಳುತ್ತೀರಾ ಎಂದು ಕೇಳಿದೆ. ಅವರು ದಾರವನ್ನು ಹಲ್ಲಿನಿಂದ ಕತ್ತರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹೇಳ್ತೀನಿ, ಇಲ್ಲೇ ಕೂರೋಳು ನಾನು' ಎಂದರು. ಅನಂತರ, ಅಂದು ಉಸಿರಾಡಲು ಕಷ್ಟಪಡುತ್ತಿದ್ದ ಅಮ್ಮ ಈಗ ಹೇಗಿದ್ದಾರೆಂದು ಕೇಳಿದರು. ಎರಡು ಮೊಳ ಕನಕಾಂಬರ ಕೊಂಡೆ. ಅಮ್ಮನಿಗೆ ಎಂದು ಇನ್ನೊಂದು ಮೊಳ ಅಳೆದು ಎಲೆಯಲ್ಲಿ ಸುತ್ತಿ ಚೀಲದೊಳಗೆ, ಯಂತ್ರದ ಮೇಲೆ ಇಟ್ಟರು.